ಕಂಪನಿ ಮಾರಾಟವಾದಾಗ ಹಾಲು ಕೊಟ್ಟವರು ಎಲ್ಲಿದ್ದರು?

ಸ್ಟೋನಿಫೀಲ್ಡ್ ಮೊಸರಿನ ಡಬ್ಬಿ ಇವತ್ತು ಅಮೆರಿಕದ ದೊಡ್ಡ ಅಂಗಡಿಗಳಲ್ಲೆಲ್ಲ ಸಿಗುತ್ತದೆ. ಆ ಮೊಸರು ಶುರುವಾದದ್ದು ಮಾತ್ರ ಒಂದು ಶಾಲೆಯ ಖರ್ಚು ತೂಗಿಸುವುದಕ್ಕಾಗಿ. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ವಿಲ್ಟನ್ನಿನ ಗುಡ್ಡದ ಮೇಲೆ ಸ್ಯಾಮ್ಯುಯೆಲ್ ಕೇಮನ್ ಎಂಬುವವರು ಸಾವಯವ ಕೃಷಿ ಕಲಿಸುವ ಪುಟ್ಟ ಕೇಂದ್ರವೊಂದನ್ನು ನಡೆಸುತ್ತಿದ್ದರು. 1971ರಲ್ಲೇ ಆ ಭಾಗದ ಸಾವಯವ ರೈತರನ್ನು ಒಟ್ಟುಗೂಡಿಸಿ ಸಂಘ ಕಟ್ಟಿದ ಮನುಷ್ಯ ಅವರು. ಕೇಂದ್ರಕ್ಕೆ ದುಡ್ಡು ಸಾಲುತ್ತಿರಲಿಲ್ಲ. ಕೊಟ್ಟಿಗೆಯಲ್ಲಿ 7 ಹಸುಗಳಿದ್ದವು, ಕೇಮನ್ ಹೆಪ್ಪು ಹಾಕಿದ ಮೊಸರು ತಿಂದವರೆಲ್ಲ ಮತ್ತೆ ಕೇಳುತ್ತಿದ್ದರು. ಹಾಗಾದರೆ ಅದನ್ನೇ ಮಾರೋಣ ಎಂದು 1983ರಲ್ಲಿ ಹೊರಟರು. ಜೊತೆಗೆ ಬಂದ ಗ್ಯಾರಿ ಹಿರ್ಷ್‌ಬರ್ಗ್ ಅದಕ್ಕೆ ಮೊದಲು ನ್ಯೂ ಆಲ್ಕೆಮಿ ಇನ್‌ಸ್ಟಿಟ್ಯೂಟ್ ಎಂಬ ಪರಿಸರ ಸಂಶೋಧನಾ ಸಂಸ್ಥೆಯನ್ನು ನಡೆಸಿದ್ದವರು. ವ್ಯಾಪಾರ ಇಬ್ಬರಿಗೂ ಹೊಸತು. ಕೆಲವೇ ವರ್ಷಗಳಲ್ಲಿ ಶಾಲೆ ಮುಚ್ಚಿತು, ಮೊಸರು ಉಳಿಯಿತು.

ಇಂಥ ಕಂಪನಿಗಳ ಕಥೆಯನ್ನು ನಾನು ಬಹಳ ಕಾಲದಿಂದ ಓದುತ್ತಾ ಬಂದಿದ್ದೇನೆ. ಹೆಚ್ಚಿನವರು ಹೇಳುವ ಧಾಟಿ ಒಂದೇ: ಒಳ್ಳೆಯ ಮನಸ್ಸಿನವರು ಕಟ್ಟಿದರು, ದೊಡ್ಡ ಬಂಡವಾಳ ಬಂತು, ಎಲ್ಲ ಕೆಟ್ಟಿತು. ಸ್ಟೋನಿಫೀಲ್ಡ್ ಈ ಧಾಟಿಗೆ ಸುಲಭಕ್ಕೆ ಒಗ್ಗುವುದಿಲ್ಲ. ಅದಕ್ಕೇ ಅದರ ಬಗ್ಗೆ ಬರೆಯಬೇಕೆನಿಸಿತು. ಅದು ಎರಡು ಬಾರಿ ಕೈ ಬದಲಾಯಿಸಿದೆ, ಎರಡೂ ಬಾರಿ ಫ್ರಾನ್ಸಿನ ಡೇರಿ ದೈತ್ಯರ ಕೈಗೆ. ಸಾವಯವದ ನೇಮವನ್ನು ಇಂದಿಗೂ ಬಿಟ್ಟಿಲ್ಲ. ಆದರೂ ಈ ಕಥೆಯ ಅಂಚಿನಲ್ಲಿ 89 ರೈತ ಕುಟುಂಬಗಳಿಗೆ ಆದ ಅನ್ಯಾಯವಿದೆ. ಆ ಅನ್ಯಾಯಕ್ಕೆ ಯಾವ ದಾರಿಯಲ್ಲಿ ಬಂದು ತಲುಪಿದರು ಎಂಬುದು ನನ್ನ ಚಿಂತೆ.

ಮೊದಲಿಗೆ, ಮಾರಿದ್ದು ಯಾಕೆ? ಮೊದಲ ಒಂಬತ್ತು ವರ್ಷ ಕಂಪನಿ ಲಾಭದ ಮುಖ ನೋಡಲಿಲ್ಲ. ಬ್ಯಾಂಕುಗಳು ಹತ್ತಿರ ಸೇರಿಸಲಿಲ್ಲ. ನೆಂಟರು, ಸ್ನೇಹಿತರು, ಸ್ನೇಹಿತರ ಸ್ನೇಹಿತರು ದುಡ್ಡು ಹಾಕಿದರು. ಹಿರ್ಷ್‌ಬರ್ಗ್ ಆಮೇಲೆ ಹಲವು ಕಡೆ ಹೇಳಿಕೊಂಡಿರುವ ಲೆಕ್ಕದ ಪ್ರಕಾರ ಷೇರುದಾರರು 297 ಮಂದಿ. ಇವರ್‍ಯಾರೂ ಶೇರುಪೇಟೆಯ ಪಳಗಿದ ಹೂಡಿಕೆದಾರರಾಗಿರಲಿಲ್ಲ. ಮಗಳ ಮೇಲಿನ, ಅಳಿಯನ ಮೇಲಿನ, ಗೆಳೆಯನ ಮೇಲಿನ ನಂಬಿಕೆಯಿಂದ ಉಳಿತಾಯ ಒಡೆದು ಕೊಟ್ಟವರೂ ಅವರಲ್ಲಿದ್ದರು. ಹದಿನೈದು ಹದಿನೆಂಟು ವರ್ಷ ಕಳೆದ ಮೇಲೆ ಅವರಿಗೂ ವಯಸ್ಸಾಗುತ್ತದೆ, ಮನೆ ಕಟ್ಟಬೇಕಾಗುತ್ತದೆ, ಮಕ್ಕಳನ್ನು ಓದಿಸಬೇಕಾಗುತ್ತದೆ. ಕಾಗದದ ಮೇಲೆ ಬೆಲೆ ಏರಿದ ಷೇರನ್ನು ನಗದು ಮಾಡಿಕೊಡಿ ಎಂದು ಕೇಳುವುದು ಅವರ ಹಕ್ಕು.

ನೈಸರ್ಗಿಕ ಆಹಾರದ ಕಂಪನಿಗಳನ್ನು ಮಾರಿದ ಸ್ಥಾಪಕರನ್ನು ದುರಾಸೆಯವರು ಎಂದು ಬೈಯುವವರು ಈ ಮಾತನ್ನು ಮರೆಯುತ್ತಾರೆ. ಹೊರಗಿನವರ ದುಡ್ಡು ಮೊದಲ ದಿನ ಒಳಗೆ ಬಂದಾಗಲೇ ಮಾರಾಟದ ಬೀಜ ಬಿದ್ದಿರುತ್ತದೆ. ಬೇರೆ ದಾರಿಗಳಿಲ್ಲವೆಂದಲ್ಲ. ಆರೆಗನ್ ರಾಜ್ಯದ ಬಾಬ್ ಮೂರ್ ತಮ್ಮ ಬಾಬ್ಸ್ ರೆಡ್ ಮಿಲ್ ಹಿಟ್ಟಿನ ಕಂಪನಿಯನ್ನು 2010ರಿಂದ ಕೆಲಸಗಾರರ ಒಡೆತನಕ್ಕೆ ಬಿಟ್ಟುಕೊಡುತ್ತಾ ಹೋದರು. ಕ್ಲಿಫ್ ಬಾರ್ ಎಂಬ ತಿಂಡಿ ಕಂಪನಿಯ ಗ್ಯಾರಿ ಎರಿಕ್ಸನ್ 2000ದಲ್ಲಿ 12 ಕೋಟಿ ಡಾಲರಿನ ಮಾರಾಟವನ್ನು ಸಹಿ ಹಾಕುವ ಹೊತ್ತಿನಲ್ಲಿ ತಿರಸ್ಕರಿಸಿ ಎದ್ದು ಹೋದರು. ಅದೇ ಕ್ಲಿಫ್ 2022ರಲ್ಲಿ ಮಾಂಡೆಲೀಜ್ ಕಂಪನಿಗೆ 290 ಕೋಟಿ ಡಾಲರಿಗೆ ಹೋಯಿತು. ತಿರಸ್ಕಾರವೂ ಶಾಶ್ವತವಾಗಿರುವುದಿಲ್ಲ.

2001ರಲ್ಲಿ ಫ್ರಾನ್ಸಿನ ಡೇರಿ ಕಂಪನಿ ಡನೋನ್ ಸ್ಟೋನಿಫೀಲ್ಡಿನ ಶೇ. 40ರಷ್ಟು ಪಾಲು ಕೊಂಡಿತು. ಮುಂದಿನ ಕೆಲವೇ ವರ್ಷಗಳಲ್ಲಿ ಪಾಲು ಶೇ. 85ರ ಆಸುಪಾಸಿಗೆ ಏರಿತು. ಹಿರ್ಷ್‌ಬರ್ಗ್ ಮಾತುಕತೆಗೆ ಬಹಳ ಕಾಲ ತೆಗೆದುಕೊಂಡರು, ಹಟ ಹಿಡಿದು ಕೂತರು, ಪಡೆದದ್ದೂ ದೊಡ್ಡದೇ. ಷೇರಿನ ಬಹುಪಾಲು ಮಾರಿದ ಮೇಲೂ ನಿರ್ದೇಶಕ ಮಂಡಳಿಯಲ್ಲಿ ಬಹುಮತ ಅವರ ಕಡೆಗೇ ಉಳಿಯಿತು. ಮುಖ್ಯ ಅಧಿಕಾರಿಯ ಕುರ್ಚಿ ಅವರದ್ದೇ. 1993ರಿಂದ ನಡೆದುಬಂದಿದ್ದ, ಲಾಭದ ಶೇ. 10ನ್ನು ಪರಿಸರದ ಕೆಲಸಗಳಿಗೆ ಕೊಡುವ ಪದ್ಧತಿ ಮುಂದುವರಿಯಿತು. ಇಷ್ಟೆಲ್ಲದಕ್ಕೆ ಪ್ರತಿಯಾಗಿ ಡನೋನ್ ಕೇಳಿದ್ದು ಬೆಳವಣಿಗೆಯನ್ನು. ಕಂಪನಿ ಬೆಳೆಯುತ್ತಿರುವಷ್ಟು ದಿನ ಹಿಡಿತ ಹಿರ್ಷ್‌ಬರ್ಗ್ ಅವರದ್ದು.

ಆ ಒಂದು ಷರತ್ತಿನ ಭಾರ ಎಷ್ಟೆಂದು ತಿಳಿಯಬೇಕಾದರೆ ಸಾವಯವ ಹಾಲು ಹೇಗೆ ಬರುತ್ತದೆ ಎಂಬುದನ್ನು ನೋಡಬೇಕು.

ಅಮೆರಿಕದ ಕೃಷಿ ಇಲಾಖೆಯ ಸಾವಯವ ನಿಯಮಗಳು 2002ರ ಅಕ್ಟೋಬರ್‌ನಲ್ಲಿ ಪೂರ್ತಿ ಜಾರಿಗೆ ಬಂದವು. ಜಮೀನಿಗೆ ನಿಷೇಧಿತ ರಾಸಾಯನಿಕ ಬೀಳದೆ ಮೂರು ವರ್ಷ ಕಳೆಯಬೇಕು. ಹಸುಗಳು ಒಂದು ವರ್ಷ ಪೂರ್ತಿ ಸಾವಯವ ಪದ್ಧತಿಯಲ್ಲಿ ಬೆಳೆದಿರಬೇಕು. 2010ರ ತಿದ್ದುಪಡಿಯ ನಂತರ ವರ್ಷಕ್ಕೆ ಕನಿಷ್ಠ 120 ದಿನ ಹಸು ಹುಲ್ಲುಗಾವಲಿನಲ್ಲಿ ಮೇಯಬೇಕು, ಮೇಯುವ ಕಾಲದಲ್ಲಿ ಅದು ತಿನ್ನುವ ಒಣ ಮೇವಿನ ಲೆಕ್ಕದ ಶೇ. 30ರಷ್ಟಾದರೂ ಆ ಹುಲ್ಲಿನಿಂದಲೇ ಬರಬೇಕು. ಆ್ಯಂಟಿಬಯಾಟಿಕ್ ಕೊಟ್ಟರೆ ಆ ಹಸುವಿನ ಹಾಲು ಮತ್ತೆಂದೂ ಸಾವಯವವೆಂದು ಹೋಗುವುದಿಲ್ಲ. ಬದಲಾಗುವ ಆ ವರ್ಷಗಳಲ್ಲಿ ರೈತ ಖರ್ಚು ಮಾಡುವುದು ಸಾವಯವದ ಲೆಕ್ಕದಲ್ಲಿ, ಹಾಲಿಗೆ ಸಿಗುವುದು ಸಾಮಾನ್ಯ ಹಾಲಿನ ಬೆಲೆ. ದುಬಾರಿ ಮೇವು, ಕಡಿಮೆ ಇಳುವರಿ, ಕಾಗದಪತ್ರ, ತಪಾಸಣೆ, ಎಲ್ಲವನ್ನೂ ಸಾಲ ಮಾಡಿ ದಾಟಬೇಕು. ಇಷ್ಟನ್ನು ಒಬ್ಬ ರೈತ ಹೊತ್ತುಕೊಳ್ಳುವುದು ಒಂದೇ ಒಂದು ನಂಬಿಕೆಯ ಮೇಲೆ: ಆಚೆ ದಡದಲ್ಲಿ ಕೊಳ್ಳುವವರು ಇರುತ್ತಾರೆ.

ಬೆಳೆಯಲೇಬೇಕಾದ ಕಂಪನಿಗೆ ವರ್ಷವರ್ಷವೂ ಇಂಥ ಹೊಸ ರೈತರು ಬೇಕು. 1994ರಲ್ಲಿ ಹಸುಗಳಿಗೆ ಚುಚ್ಚುವ ಕೃತಕ ಬೆಳವಣಿಗೆ ಹಾರ್ಮೋನು ಮಾರುಕಟ್ಟೆಗೆ ಬಂದದ್ದೇ ತಡ, ಅದಿಲ್ಲದ ಹಾಲು ಬೇಕೆನ್ನುವ ತಾಯಂದಿರ ಸಂಖ್ಯೆ ಅಮೆರಿಕದಲ್ಲಿ ಏರತೊಡಗಿತ್ತು. ಅದರ ಮೇಲೆ ಡನೋನಿನ ಸಾಗಣೆ ಜಾಲ, ಅಂಗಡಿಗಳ ಮೇಲಿನ ಅದರ ಹಿಡಿತ, ಹೆಪ್ಪಿನ ಬ್ಯಾಕ್ಟೀರಿಯಾಗಳ ಬಗ್ಗೆ ಅದರ ಪ್ರಯೋಗಾಲಯಗಳಿಗಿದ್ದ ಜ್ಞಾನ ಎಲ್ಲ ಸೇರಿ ಸ್ಟೋನಿಫೀಲ್ಡ್ ವೇಗವಾಗಿ ಬೆಳೆಯಿತು. 2000ದ ದಶಕದ ನಡುವೆ ಅಮೆರಿಕದಲ್ಲಿ ಸಾವಯವ ಹಾಲಿಗೇ ಕೊರತೆ ಬಂದು, ಕಂಪನಿ ನ್ಯೂಜಿಲೆಂಡಿನಿಂದ ಸಾವಯವ ಹಾಲಿನ ಪುಡಿ ತರಿಸಿದ್ದೂ ಉಂಟು. ಹತ್ತಿರದ ಹಸುವಿನ ಹಾಲು ಎಂದು ನಂಬಿ ಕೊಂಡವರಿಗೆ ಅದು ನೋವಾಯಿತು. ನನಗೆ ಇಲ್ಲಿ ಕಂಪನಿಯ ಮೇಲೆ ಪೂರ್ತಿ ಸಿಟ್ಟು ಬರುವುದಿಲ್ಲ. ಮೂರು ವರ್ಷದ ಮಣ್ಣಿನ ಗಡಿಯಾರವನ್ನು ಯಾವ ಬಂಡವಾಳವೂ ಮುಂದೆ ತಿರುಗಿಸಲಾರದು ಎಂಬುದಕ್ಕೆ ಆ ಪುಡಿಯೇ ಸಾಕ್ಷಿ.

ಲಾಭದ ಬದಿಯ ಲೆಕ್ಕವನ್ನೂ ಪ್ರಾಮಾಣಿಕವಾಗಿ ಬರೆಯಬೇಕು. ದೊಡ್ಡ ಕಂಪನಿಯ ದುಡ್ಡಿಲ್ಲದೆ ಇಷ್ಟು ಎಕರೆ ಜಮೀನು ರಾಸಾಯನಿಕದಿಂದ ಹೊರಗೆ ಬರುತ್ತಿರಲಿಲ್ಲ. ಕೆಲವೇ ಊರುಗಳ ಆರೋಗ್ಯದ ಅಂಗಡಿಗಳಲ್ಲಿ ಸಿಗುತ್ತಿದ್ದ ಮೊಸರು ಸಾಮಾನ್ಯರ ಅಂಗಡಿಗೆ ಬಂತು, ಶಾಲೆಯ ಮಕ್ಕಳ ಡಬ್ಬಿಗೆ ಬಂತು. ಮೇನ್ ರಾಜ್ಯದ ವುಲ್ಫ್ಸ್ ನೆಕ್ ಕೃಷಿ ಕೇಂದ್ರದಲ್ಲಿ ಹೊಸ ತಲೆಮಾರಿನ ಸಾವಯವ ಹೈನುಗಾರರನ್ನು ತಯಾರು ಮಾಡುವ ತರಬೇತಿಗೆ ಸ್ಟೋನಿಫೀಲ್ಡ್ ದುಡ್ಡು ಕೊಟ್ಟಿತು. ಯಾವ ಶಾಲೆ ಮುಚ್ಚಿ ಮೊಸರು ಉಳಿದಿತ್ತೋ, ಆ ಮೊಸರಿನ ದುಡ್ಡು ಮತ್ತೊಂದು ಶಾಲೆಗೆ ಹೋಯಿತು. ಇದು ನನಗೆ ಸಣ್ಣ ವಿಷಯವಾಗಿ ಕಾಣುವುದಿಲ್ಲ.

ಎಲ್ಲರಿಗೂ ಹೀಗೆ ಆಗಲಿಲ್ಲ. ಕೊಲರಾಡೋದ ಬೋಲ್ಡರ್‌ನಲ್ಲಿ ಸ್ಟೀವ್ ಡೆಮೋಸ್ 1977ರಲ್ಲಿ ಟೋಫು ಎಂಬ ಸೋಯಾ ಪನೀರ್ ಮಾಡುತ್ತಾ ಶುರು ಮಾಡಿದ ವೈಟ್‌ವೇವ್, ಸಿಲ್ಕ್ ಎಂಬ ಸೋಯಾ ಹಾಲಿನಿಂದ ಹೆಸರು ಮಾಡಿ 2002ರಲ್ಲಿ ಡೀನ್ ಫುಡ್ಸ್ ಕಂಪನಿಯ ಪಾಲಾಯಿತು. ಡೆಮೋಸ್ 2005ರಲ್ಲಿ ಹೊರಬಂದರು. 2009ರ ಹೊತ್ತಿಗೆ ಸಿಲ್ಕಿನ ಹೆಚ್ಚಿನ ಡಬ್ಬಿಗಳಲ್ಲಿ ಸಾವಯವ ಸೋಯಾ ಹೋಗಿ ಸಾಮಾನ್ಯ ಸೋಯಾ ಬಂದಿತ್ತು. ಡಬ್ಬಿಯ ಮೇಲಿನ ಮಾತು ಸಾವಯವದಿಂದ ನೈಸರ್ಗಿಕಕ್ಕೆ ಇಳಿದಿತ್ತು. ಸಾವಯವ ಎನ್ನಬೇಕಾದರೆ ಕಾನೂನಿದೆ, ತಪಾಸಣೆಯಿದೆ. ನೈಸರ್ಗಿಕ ಎನ್ನುವುದಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಖಚಿತ ನಿಯಮ ಮಾಡಿಲ್ಲ. 2015ರಲ್ಲಿ ಜನರ ಅಭಿಪ್ರಾಯ ಕೇಳಿ ಸುಮ್ಮನಾಯಿತು. ಈ ಸಡಿಲಿನಲ್ಲಿ ಎಷ್ಟೋ ಕಂಪನಿಗಳು ಸದ್ದಿಲ್ಲದೆ ಜಾರಿವೆ. ಕೋಕಾ ಕೋಲಾ ಕೊಂಡ ಎರಡು ಹೆಸರುಗಳ ಗತಿ ಬೇರೆ ಬಗೆಯದು. ಒಡ್‌ವಾಲಾ ಹಣ್ಣಿನ ರಸ 2020ರಲ್ಲಿ ನಿಂತುಹೋಯಿತು, ಆನೆಸ್ಟ್ ಟೀ ಬಾಟಲಿಗಳು 2022ರ ಕೊನೆಗೆ ನಿಂತವು. ಕೆಟ್ಟುಹೋದ ಕಾರಣಕ್ಕಲ್ಲ, ಅಷ್ಟು ದೊಡ್ಡ ಕಂಪನಿಯ ಪಟ್ಟಿಯಲ್ಲಿ ಅವು ಚಿಕ್ಕವಾಗಿ ಕಂಡ ಕಾರಣಕ್ಕೆ.

ಸ್ಟೋನಿಫೀಲ್ಡ್ ಇಳಿಯಲಿಲ್ಲ, ನಿಲ್ಲಲಿಲ್ಲ. ಹಿರ್ಷ್‌ಬರ್ಗ್ ಪಡೆದ ಷರತ್ತುಗಳು ಅದಕ್ಕೆ ಒಂದು ಕಾರಣ. ಇನ್ನೊಂದು ಕಾರಣ ಅಷ್ಟು ಚರ್ಚೆಗೆ ಬಂದಿಲ್ಲ. ನನ್ನ ಮಟ್ಟಿಗೆ ಅದೇ ಮುಖ್ಯ. ಸ್ಟೋನಿಫೀಲ್ಡ್ ಬಹುಕಾಲ ತನ್ನ ಹಾಲಿನ ಬಹುಪಾಲನ್ನು ರೈತರಿಂದ ಒಬ್ಬೊಬ್ಬರಾಗಿ ಕೊಳ್ಳುತ್ತಿರಲಿಲ್ಲ. ಆರ್ಗ್ಯಾನಿಕ್ ವ್ಯಾಲಿ ಎಂಬ ಸಹಕಾರ ಸಂಘದಿಂದ ಕೊಳ್ಳುತ್ತಿತ್ತು. 1988ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಕೆಲವು ರೈತ ಕುಟುಂಬಗಳು ಸೇರಿ ಕಟ್ಟಿದ ಸಂಘ ಅದು. ರೈತರೇ ಮಾಲೀಕರು, ಹಾಲಿನ ಬೆಲೆಯನ್ನು ಅವರು ಆರಿಸಿದ ಮಂಡಳಿ ನಿಗದಿ ಮಾಡುತ್ತದೆ. ಹಾಗಾಗಿ ಪ್ಯಾರಿಸ್ಸಿನಲ್ಲಿ ಕೂತ ಡನೋನಿಗೂ ವರ್ಮಾಂಟ್ ರಾಜ್ಯದ ಕೊಟ್ಟಿಗೆಗೂ ನಡುವೆ ರೈತರದೇ ಆದ ಒಂದು ಗಟ್ಟಿ ಗೋಡೆಯಿತ್ತು. ಹಾಲು ಬೇಡವೆನ್ನಬೇಕಾದರೆ ಕಂಪನಿ ಆ ಸಂಘದ ಎದುರು ಕೂತು ಹೇಳಬೇಕಿತ್ತು.

ಹೊರೈಜನ್ ಆರ್ಗ್ಯಾನಿಕ್ ಎಂಬ ಹಾಲಿನ ಕಂಪನಿಯ ಕ್ರಮ ಬೇರೆ. ಅದೂ ಬೋಲ್ಡರಿನದೇ, 1991ರಲ್ಲಿ ಹುಟ್ಟಿದ್ದು. ಐಡಹೋದಲ್ಲಿ ಸಾವಿರಾರು ಹಸುಗಳ ದೊಡ್ಡ ಡೇರಿಯನ್ನೂ ನಡೆಸಿತು, ಈಶಾನ್ಯದ ರಾಜ್ಯಗಳ ಸಣ್ಣ ರೈತರ ಜೊತೆ ನೇರ ಒಪ್ಪಂದವನ್ನೂ ಮಾಡಿಕೊಂಡಿತು. 2004ರ ಹೊತ್ತಿಗೆ ಅದೂ ಡೀನ್ ಫುಡ್ಸ್ ಕೈ ಸೇರಿತು, ಆಮೇಲೆ ವೈಟ್‌ವೇವ್ ಹೆಸರಿನಲ್ಲಿ ಬೇರೆ ಕಂಪನಿಯಾಗಿ ಹೊರಬಂತು. ಹೊರೈಜನ್ನಿನ ರೈತರ ಪೈಕಿ ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಪ್ರತ್ಯೇಕ ಒಪ್ಪಂದ. ಬೆಲೆ ಚೆನ್ನಾಗಿದ್ದ ವರ್ಷಗಳಲ್ಲಿ ಈ ಏರ್ಪಾಟಿನಲ್ಲಿ ತೊಂದರೆ ಯಾರಿಗೂ ಕಾಣುವುದಿಲ್ಲ.

2016ರಲ್ಲಿ ಡನೋನ್ ವೈಟ್‌ವೇವನ್ನು ಕೊಳ್ಳುವುದಾಗಿ ಸಾರಿತು. ಸಾಲವೂ ಸೇರಿ ಸುಮಾರು 1,250 ಕೋಟಿ ಡಾಲರಿನ ವ್ಯವಹಾರ. ಆಗ ಅಮೆರಿಕದ ನ್ಯಾಯ ಇಲಾಖೆ ಅಡ್ಡ ಬಂತು. ಅದರ ವಾದವನ್ನು ನಾನು ಮೆಚ್ಚಿಕೊಂಡು ಓದಿದ್ದೇನೆ. ಇಂಥ ಪ್ರಕರಣಗಳಲ್ಲಿ ಸರ್ಕಾರ ಸಾಮಾನ್ಯವಾಗಿ ಕೇಳುವುದು ಗ್ರಾಹಕನಿಗೆ ಬೆಲೆ ಏರುತ್ತದೆಯೇ ಎಂದು. ಇಲ್ಲಿ ಅದರ ಜೊತೆಗೆ, ಈಶಾನ್ಯದ ಸಾವಯವ ಹೈನುಗಾರರ ಗತಿ ಏನು ಎಂದೂ ಕೇಳಿತು. ಆ ಭಾಗದಲ್ಲಿ ಸಾವಯವ ಹಾಲು ಕೊಳ್ಳಲು ಪೈಪೋಟಿ ಇದ್ದದ್ದೇ ಮುಖ್ಯವಾಗಿ ಹೊರೈಜನ್ನಿನ ವೈಟ್‌ವೇವ್ ಮತ್ತು ಸ್ಟೋನಿಫೀಲ್ಡಿಗೆ ಹಾಲು ಕೊಡುತ್ತಿದ್ದ ಆರ್ಗ್ಯಾನಿಕ್ ವ್ಯಾಲಿ ನಡುವೆ. ಒಂದನ್ನು ಕೊಂಡು, ಇನ್ನೊಂದರ ದೊಡ್ಡ ಗಿರಾಕಿಯೂ ತಾನೇ ಆದರೆ ಎರಡೂ ಕಡೆಯ ಹಗ್ಗ ಡನೋನಿನ ಕೈಗೆ ಬರುತ್ತದೆ. ರೈತನಿಗೆ ಆಯ್ಕೆಯೇ ಉಳಿಯುವುದಿಲ್ಲ. 2017ರ ಏಪ್ರಿಲ್‌ನಲ್ಲಿ ಇಲಾಖೆ ಸ್ಟೋನಿಫೀಲ್ಡನ್ನು ಬಿಟ್ಟುಕೊಡಬೇಕೆಂಬ ಷರತ್ತು ಹಾಕಿ ಒಪ್ಪಿಗೆ ಕೊಟ್ಟಿತು.

ವರ್ಷಕ್ಕೆ ಸುಮಾರು 37 ಕೋಟಿ ಡಾಲರ್ ವಹಿವಾಟಿದ್ದ ಸ್ಟೋನಿಫೀಲ್ಡ್ 87.5 ಕೋಟಿ ಡಾಲರಿಗೆ ಫ್ರಾನ್ಸಿನದೇ ಆದ ಲ್ಯಾಕ್ಟಾಲಿಸ್ ಪಾಲಾಯಿತು. ಲ್ಯಾಕ್ಟಾಲಿಸ್ ಒಂದು ಕುಟುಂಬದ ಒಡೆತನದ ಕಂಪನಿ, ಶೇರುಪೇಟೆಯಲ್ಲಿ ಇಲ್ಲ. ಹಾಗೆಂದ ಮಾತ್ರಕ್ಕೆ ಸಾಧು ಎಂದೇನೂ ಅಲ್ಲ. ಅದೇ ವರ್ಷದ ಕೊನೆಯಲ್ಲಿ ಫ್ರಾನ್ಸಿನಲ್ಲಿ ಅದರ ಶಿಶು ಹಾಲಿನ ಪುಡಿಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಕಂಡು ದೊಡ್ಡ ಹಗರಣವಾಯಿತು. ಮಾಲೀಕರ ಗುಣದ ಮೇಲೆ ರೈತರ ಬಾಳನ್ನು ನಿಲ್ಲಿಸಬಾರದು ಎನ್ನಲು ನನಗೆ ಇದೂ ಒಂದು ಕಾರಣ.

ಇನ್ನು ಆ 89 ಕುಟುಂಬಗಳ ವಿಷಯ.

ಡನೋನಿನ ಅಮೆರಿಕದ ಶಾಖೆ 2018ರಲ್ಲಿ ಬಿ ಕಾರ್ಪ್ ಎಂಬ ಪ್ರಮಾಣಪತ್ರ ಪಡೆದಿತ್ತು. ಲಾಭದ ಜೊತೆಗೆ ಸಮಾಜ, ಪರಿಸರಗಳಿಗೂ ಉತ್ತರದಾಯಿಯಾಗಿರುವ ಕಂಪನಿಗೆ ಸಿಗುವ ಮನ್ನಣೆ ಅದು. ಪ್ಯಾರಿಸ್ಸಿನ ಮಾತೃಸಂಸ್ಥೆ 2020ರಲ್ಲಿ ಸಾಮಾಜಿಕ ಉದ್ದೇಶಗಳನ್ನು ತನ್ನ ನಿಯಮಾವಳಿಯಲ್ಲೇ ಬರೆದುಕೊಂಡಿತು, ಷೇರುದಾರರು ಭಾರೀ ಬಹುಮತದಿಂದ ಒಪ್ಪಿದರು. ಅದನ್ನು ಮುಂದೆ ನಿಂತು ಮಾಡಿಸಿದ ಎಮ್ಯಾನ್ಯುಯೆಲ್ ಫಾಬೆರ್ ಅವರನ್ನು 2021ರ ಮಾರ್ಚ್‌ನಲ್ಲಿ ಅಧಿಕಾರದಿಂದ ಇಳಿಸಲಾಯಿತು. ಷೇರಿನ ಬೆಲೆ ಪ್ರತಿಸ್ಪರ್ಧಿಗಳಷ್ಟು ಏರಲಿಲ್ಲ ಎಂಬುದು ಒತ್ತಡ ತಂದ ಹೂಡಿಕೆದಾರರ ದೂರು. ಅದೇ ಆಗಸ್ಟ್‌ನಲ್ಲಿ ಮೇನ್, ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್, ನ್ಯೂಯಾರ್ಕ್ ರಾಜ್ಯಗಳ 89 ಹೊರೈಜನ್ ರೈತರಿಗೆ ಒಪ್ಪಂದ ಮುಂದುವರಿಸುವುದಿಲ್ಲ ಎಂಬ ಸುದ್ದಿ ಬಂತು. ಮೇನ್ ರಾಜ್ಯದವರು 14, ವರ್ಮಾಂಟಿನವರು 28. ಒಂದು ವರ್ಷದ ಗಡುವು. ಅಧಿಕಾರ ಬದಲಾದದ್ದಕ್ಕೂ ಈ ನಿರ್ಧಾರಕ್ಕೂ ನೇರ ಗಂಟು ಹಾಕಲು ನನ್ನ ಬಳಿ ಆಧಾರವಿಲ್ಲ, ಹಾಕುವುದೂ ಇಲ್ಲ. ಆದರೆ ನಿಯಮಾವಳಿಯಲ್ಲಿ ಬರೆದ ಉದ್ದೇಶ ಒಬ್ಬ ರೈತನ ಒಪ್ಪಂದವನ್ನೂ ಕಾಯಲಿಲ್ಲ ಎಂಬುದು ಕಣ್ಣಿಗೆ ಕಾಣುವ ಸತ್ಯ.

ಕಂಪನಿ ಕೊಟ್ಟ ಕಾರಣ ಸಾಗಣೆಯ ಕಷ್ಟ, ನಿರ್ವಹಣೆಯ ಕಷ್ಟ. ಕಾರಣ ಸುಳ್ಳೇನಲ್ಲ. ಈಶಾನ್ಯದ ಬೆಟ್ಟಗುಡ್ಡಗಳಲ್ಲಿ ಒಂದೊಂದು ಫಾರ್ಮಿನಲ್ಲಿ ಕರೆಯುವ ಹಸುಗಳು ಕೆಲವು ಹತ್ತು, ಹೆಚ್ಚೆಂದರೆ ನೂರರ ಸುತ್ತಮುತ್ತ. ಒಂದು ಟ್ಯಾಂಕರ್ ತುಂಬಬೇಕಾದರೆ ಲಾರಿ ಹಿಮದ ರಸ್ತೆಗಳಲ್ಲಿ ಹಲವು ಕೊಟ್ಟಿಗೆಗಳನ್ನು ಸುತ್ತಬೇಕು. ಪಶ್ಚಿಮದ ಸಾವಿರಾರು ಹಸುಗಳ ಡೇರಿಯಲ್ಲಿ ಅದೇ ಲಾರಿ ಒಂದೇ ಕಡೆ ನಿಂತು ತುಂಬಿಕೊಳ್ಳುತ್ತದೆ. ಅಂಥ ದೊಡ್ಡ ಡೇರಿಗಳಲ್ಲಿ ಕೆಲವು, ಸಾಮಾನ್ಯ ಕರುಗಳನ್ನು ಪದೇಪದೇ ತಂದು ಸಾವಯವಕ್ಕೆ ಸೇರಿಸಿಕೊಳ್ಳುತ್ತಿದ್ದವು. ಆ ಕಂಡಿಯನ್ನು ಕೃಷಿ ಇಲಾಖೆ ಮುಚ್ಚಿದ್ದು 2022ರಲ್ಲಿ, ಸಣ್ಣ ರೈತರು ವರ್ಷಗಟ್ಟಲೆ ಕೂಗಿಕೊಂಡ ಮೇಲೆ. ನಿಯಮ ಪಾಲಿಸಿದವನ ಹಾಲು ದುಬಾರಿಯಾಗಿ, ನಿಯಮದ ಕಂಡಿಯಲ್ಲಿ ನುಸುಳಿದವನ ಹಾಲು ಅಗ್ಗವಾಗಿ ಕಂಡಿತು. ಲೆಕ್ಕದ ಹಾಳೆಯಲ್ಲಿ ಲೀಟರಿಗೆ ಸಾಗಣೆ ವೆಚ್ಚ ಎಷ್ಟು ಎಂಬ ಅಂಕಣ ಇರುತ್ತದೆ. ಈ ವ್ಯತ್ಯಾಸಕ್ಕೆ ಅಲ್ಲಿ ಅಂಕಣವಿಲ್ಲ.

ಆ ಕಾಗದ ಕೈಗೆ ಬಂದ ಮನೆಯ ಸ್ಥಿತಿಯನ್ನು ನಾನು ಮತ್ತೆ ಮತ್ತೆ ಯೋಚಿಸುತ್ತೇನೆ. ಹಾಲು ಕೂಡಿಡುವ ಸರಕಲ್ಲ. ಹಸು ಬೆಳಿಗ್ಗೆ ಸಂಜೆ ಕರೆಯಲೇಬೇಕು, ಕೊಳ್ಳುವವರು ಇರಲಿ ಇಲ್ಲದಿರಲಿ. ಕೊಟ್ಟಿಗೆ ಕಟ್ಟಲು ಬ್ಯಾಂಕು ಸಾಲ ಕೊಟ್ಟದ್ದು ಆ ಒಪ್ಪಂದವನ್ನು ನೋಡಿ. ಹತ್ತಿರದಲ್ಲಿ ಸಾವಯವ ಹಾಲು ಕೊಳ್ಳುವವರು ಇನ್ನಿಬ್ಬರೋ ಮೂವರೋ. ಅವರಲ್ಲಿ ಜಾಗ ಇಲ್ಲದಿದ್ದರೆ ಉಳಿಯುವುದು ಎರಡೇ ದಾರಿ: ಸಾಮಾನ್ಯ ಹಾಲಿನ ಬೆಲೆಗೆ ಸುರಿಯುವುದು, ಇಲ್ಲವೇ ಹಸುಗಳನ್ನು ಹರಾಜಿಗೆ ಕಳಿಸುವುದು. ಮೂರು ವರ್ಷ ಕಾದು ಶುದ್ಧ ಮಾಡಿದ ನೆಲ ಒಂದೇ ಹಂಗಾಮಿನಲ್ಲಿ ಹಳೆಯ ಸ್ಥಿತಿಗೆ ಹೋಗಬಹುದು. ಗ್ರಾಹಕ ಹೆಚ್ಚು ಬೆಲೆ ಕೊಟ್ಟು ವರ್ಷಗಟ್ಟಲೆ ಕಾಪಾಡಿದ್ದು ಆ ನೆಲವನ್ನು. ಕಂಪನಿ ತನ್ನದಲ್ಲದ ಆಸ್ತಿಯನ್ನೂ ಆ ಒಂದು ಕಾಗದದಲ್ಲಿ ಕೈಬಿಟ್ಟಿತು.

ಪ್ರತಿಭಟನೆ ಜೋರಾಯಿತು. ಡನೋನ್ ಗಡುವನ್ನು ಆರು ತಿಂಗಳು ಮುಂದೂಡಿ 2023ರ ಫೆಬ್ರವರಿಗೆ ಒಯ್ದಿತು, ಸ್ವಲ್ಪ ಪರಿಹಾರ ಹಣವನ್ನೂ ಸೇರಿಸಿತು. ಹಿರ್ಷ್‌ಬರ್ಗ್ 2012ರಲ್ಲೇ ಸ್ಟೋನಿಫೀಲ್ಡಿನ ಮುಖ್ಯ ಅಧಿಕಾರಿಯ ಸ್ಥಾನ ಬಿಟ್ಟಿದ್ದರು. ಈ ಹೊತ್ತಿನಲ್ಲಿ ಅವರು ಈಶಾನ್ಯದ ಸಾವಯವ ಕುಟುಂಬ ಫಾರ್ಮುಗಳಿಗಾಗಿ ಒಂದು ಒಕ್ಕೂಟ ಕಟ್ಟಿ, ನಿಮ್ಮ ವಾರದ ಖರೀದಿಯ ಒಂದು ಪಾಲನ್ನು ಈ ರೈತರ ಹಾಲು ಬಳಸುವ ಕಂಪನಿಗಳಿಂದ ಕೊಳ್ಳಿ ಎಂದು ಗ್ರಾಹಕರನ್ನು, ಅಂಗಡಿಗಳನ್ನು ಕೇಳತೊಡಗಿದರು. ಒಂದು ಕಾಲಕ್ಕೆ ಯಾರ ಜೊತೆ ಸಹಿ ಹಾಕಿದ್ದರೋ ಅವರು ಕೈಬಿಟ್ಟ ರೈತರಿಗಾಗಿ ಅವರು ಊರೂರು ಸುತ್ತಿದ್ದನ್ನು ನಾನು ಗೌರವದಿಂದ ನೋಡುತ್ತೇನೆ. ಸ್ಟೋನಿಫೀಲ್ಡ್ ಕೆಲವು ಫಾರ್ಮುಗಳನ್ನು ತೆಗೆದುಕೊಂಡಿತು. ಆರ್ಗ್ಯಾನಿಕ್ ವ್ಯಾಲಿ 2022ರ ವಸಂತದಲ್ಲಿ ಆ ಭಾಗದ ಸುಮಾರು 80 ಫಾರ್ಮುಗಳಿಗೆ ಸದಸ್ಯರಾಗಿ ಬನ್ನಿ ಎಂದು ಕರೆ ಕಳಿಸಿತು. ಬಹಳಷ್ಟು ಕುಟುಂಬಗಳು ಹೀಗೆ ಬದುಕಿಕೊಂಡವು. ಕೆಲವರು ಅಷ್ಟರಲ್ಲೇ ಹಸು ಮಾರಿ ಕೆಲಸ ಬಿಟ್ಟಿದ್ದರು.

ಕೈ ಹಿಡಿದವರಲ್ಲಿ ದೊಡ್ಡ ಪಾಲು ರೈತರದೇ ಸಂಘದ್ದು. ಸಹಕಾರ ಸಂಘವೂ ನೋವು ಕೊಡುತ್ತದೆ. 2017, 2018ರಲ್ಲಿ ಸಾವಯವ ಹಾಲು ಹೆಚ್ಚಾಗಿ ಬೆಲೆ ಕುಸಿದಾಗ ಆರ್ಗ್ಯಾನಿಕ್ ವ್ಯಾಲಿ ಸದಸ್ಯರಿಗೆ ಕೊಡುವ ಬೆಲೆ ಇಳಿಸಿತು, ಇಂತಿಷ್ಟೇ ಹಾಲು ತನ್ನಿ ಎಂದು ಮಿತಿ ಹಾಕಿತು. ಸದಸ್ಯರು ಸಿಟ್ಟಾದರು, ಕೆಲವರು ಸಾಲದಲ್ಲಿ ಮುಳುಗಿದರು. ಆದರೆ ಅಲ್ಲಿ ನಷ್ಟವನ್ನು ಎಲ್ಲರೂ ಹಂಚಿಕೊಂಡರು. ನಕ್ಷೆಯ ಒಂದು ಮೂಲೆಯ ಮೇಲೆ ಗೆರೆ ಎಳೆದು ಅಲ್ಲಿದ್ದವರನ್ನೆಲ್ಲ ಹೊರಗಿಡಲಿಲ್ಲ. ಸಂಘದ ಸಭೆಯಲ್ಲಿ ಎದ್ದು ನಿಂತು ಬೈಯುವ ಹಕ್ಕು ರೈತನಿಗಿತ್ತು. ಹೊರೈಜನ್ನಿನ ರೈತನಿಗೆ ಹೋಗಿ ಬೈಯಲು ಒಂದು ಸಭೆಯೂ ಇರಲಿಲ್ಲ.

2024ರ ಆರಂಭದಲ್ಲಿ ಡನೋನ್ ಹೊರೈಜನ್ನನ್ನು ಪ್ಲಾಟಿನಮ್ ಇಕ್ವಿಟಿ ಎಂಬ ಖಾಸಗಿ ಬಂಡವಾಳ ಸಂಸ್ಥೆಗೆ ಮಾರುವುದಾಗಿ ಹೇಳಿತು. ಹೀಗೆ ಆ ಹೆಸರು ಮತ್ತೊಮ್ಮೆ ಕೈ ಬದಲಾಯಿಸಿತು. ಪ್ರತಿ ಮಾರಾಟದಲ್ಲೂ ವಕೀಲರು ಕೂತು ಬ್ರ್ಯಾಂಡಿನ ಬೆಲೆ ಕಟ್ಟುತ್ತಾರೆ, ಯಂತ್ರಗಳ ಬೆಲೆ ಕಟ್ಟುತ್ತಾರೆ, ಅಧಿಕಾರಿಗಳ ಸಂಬಳ, ಹೊರಹೋಗುವಾಗಿನ ಪರಿಹಾರ ಎಲ್ಲವನ್ನೂ ಸಾಲುಸಾಲಾಗಿ ಬರೆಯುತ್ತಾರೆ. ಹಾಲು ಕೊಡುವವರೊಂದಿಗಿನ ಒಪ್ಪಂದಗಳೂ ಅದೇ ಕಟ್ಟಿನಲ್ಲಿ ಒಬ್ಬರ ಕಪಾಟಿನಿಂದ ಇನ್ನೊಬ್ಬರ ಕಪಾಟಿಗೆ ಹೋಗುತ್ತವೆ. ಆ ಕೋಣೆಯಲ್ಲಿ ರೈತ ಇರುವುದಿಲ್ಲ.

ಸ್ಥಾಪಕರೊಬ್ಬರು ನಾಳೆ ತಮ್ಮ ಕಂಪನಿ ಮಾರಲು ಕೂತರೆ ಆ ಪತ್ರದಲ್ಲಿ ಒಂದು ಸಾಲು ಸೇರಿಸಿ ಎಂದು ಕೇಳುತ್ತೇನೆ. ಜಮೀನು ಸಾವಯವವಾಗಲು ಕಾನೂನು ಮೂರು ವರ್ಷ ಕೇಳುತ್ತದೆ. ಹಾಗಾದರೆ ರೈತನನ್ನು ಬಿಡಲು ಕೊಡುವ ಮುನ್ಸೂಚನೆಯೂ ಮೂರು ವರ್ಷವಿರಲಿ, ಹೊಸ ಮಾಲೀಕ ಯಾರೇ ಆದರೂ ಅದು ಅವರನ್ನು ಕಟ್ಟಿಹಾಕಲಿ, ರೈತರು ಒಟ್ಟಾಗಿ ಮಾತಾಡಲು ಬಂದರೆ ಒಟ್ಟಾಗಿಯೇ ಮಾತಾಡಲಿ. ಇದು ಆಗದ ಮಾತು ಎನ್ನುವವರು 2001ರ ಒಪ್ಪಂದವನ್ನು ಇನ್ನೊಮ್ಮೆ ನೋಡಬೇಕು. ಷೇರಿನ ಬಹುಪಾಲು ಕೊಂಡವನ ಕೈಗೆ ಮಂಡಳಿಯ ಬಹುಮತ ಕೊಡುವುದಿಲ್ಲ ಎಂದು ಹಟ ಹಿಡಿದು, ಜಗತ್ತಿನ ಬಹುದೊಡ್ಡ ಡೇರಿ ಕಂಪನಿಗಳಲ್ಲಿ ಒಂದರಿಂದ ಅದಕ್ಕೆ ಸಹಿ ಹಾಕಿಸಿಕೊಂಡವರಿದ್ದಾರೆ. ಅದಕ್ಕೆ ಹೋಲಿಸಿದರೆ ಮೂರು ವರ್ಷ ಹಾಲು ಕೊಳ್ಳುತ್ತೇವೆ ಎಂಬ ಮಾತನ್ನು ಬರೆಸಿಕೊಳ್ಳುವುದು ಸುಲಭ.